ಒಡೆದ ಭರಣಿಗೆ ಬನ್ನಿಯ ಬಂಗಾರ

ಅಡುಗೆಮನೆಯ ಮೇಲಿನ ಗೂಡಿನಿಂದ ಉಪ್ಪಿನಕಾಯಿ ಭರಣಿ ಇಳಿಸುವಾಗ ಕೈ ಜಾರಿತು. ಬಿದ್ದ ಸದ್ದಿಗೆ ಪಡಸಾಲೆಯಲ್ಲಿದ್ದ ಅವ್ವ, ಅಂಗಳದಲ್ಲಿದ್ದ ಅಪ್ಪ ಇಬ್ಬರೂ ಒಳಗೆ ಬಂದರು. ಕಂದು ಕೊರಳಿನ, ಬಿಳಿ ಹೊಟ್ಟೆಯ ಪಿಂಗಾಣಿ ಭರಣಿ ನಾಲ್ಕು ತುಂಡಾಗಿ ಬಿದ್ದಿತ್ತು. ಅದು ಅಮ್ಮನ ಭರಣಿ. ನಮ್ಮ ಕಡೆ ತಾಯಿಗೆ ಅವ್ವ, ಅಜ್ಜಿಗೆ ಅಮ್ಮ ಅಂತೀವಿ. ಅಮ್ಮ ತೀರಿಕೊಂಡು ಎರಡು ವರ್ಷವಾಗಿತ್ತು. ಅವಳ ಕೈಯ ಮಾವಿನಕಾಯಿ ಉಪ್ಪಿನಕಾಯಿ ಯಾವಾಗಲೋ ಮುಗಿದಿತ್ತು, ಭರಣಿ ಮಾತ್ರ ಉಳಿದಿತ್ತು.

ನಾನು ತುಂಡುಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಅತ್ತುಬಿಟ್ಟೆ. ಮೂವತ್ತು ವಯಸ್ಸಿನ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಅನ್ನಿಸಿಕೊಂಡ ಮಗ ಒಂದು ಭರಣಿಗೆ ಅಳೋದು ನೋಡಿ ಅವ್ವನಿಗೆ ಗಾಬರಿ.

“ಹೋಗ್ಲಿ ಬಿಡೋ ತಮ್ಮಾ. ಒಡಿಯೋ ಸಾಮಾನು ಒಡೀತು. ಅದಕ್ಯಾಕ ಹಿಂಗ ಅಳ್ತಿ?”

ನಾನು ಅತ್ತಿದ್ದು ಭರಣಿಗಲ್ಲ ಅನ್ನೋದು ಅವಳಿಗೆ ಗೊತ್ತಿರಲಿಲ್ಲ. ಆರು ತಿಂಗಳಿಂದ ನನಗೆ ಕೆಲಸವಿರಲಿಲ್ಲ. ಅದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಹದಿನೈದು ನಿಮಿಷದ ಮೀಟಿಂಗ್

2024ರ ಏಪ್ರಿಲ್‌ನಲ್ಲಿ ಒಂದು ಬೆಳಗ್ಗೆ ನನ್ನ ಕ್ಯಾಲೆಂಡರ್‌ನಲ್ಲಿ ಹದಿನೈದು ನಿಮಿಷದ ಮೀಟಿಂಗ್ ಬಿತ್ತು. ವಿಷಯ ಏನೂ ಬರೆದಿರಲಿಲ್ಲ. ಹನ್ನೆರಡನೇ ನಿಮಿಷಕ್ಕೆ ಎಲ್ಲ ಮುಗಿದಿತ್ತು. ಸಂಜೆಗೆ ಲ್ಯಾಪ್‌ಟಾಪ್ ಲಾಕ್ ಆಯಿತು. ಏಳು ವರ್ಷ ಬರೆದ ಕೋಡ್ ಒಂದು ಸಾಲೂ ನನ್ನದಾಗಿ ಉಳಿಯಲಿಲ್ಲ.

ತಮಾಷೆ ಏನಂದ್ರೆ, ಅದಕ್ಕೂ ಎರಡು ತಿಂಗಳ ಮುಂಚೆ ಅದೇ ಕಚೇರಿಯಲ್ಲಿ ಮಾನಸಿಕ ಆರೋಗ್ಯದ ಬಗ್ಗೆ ಒಂದು ಆನ್‌ಲೈನ್ ತರಗತಿ ನಡೆದಿತ್ತು. ಸ್ಲೈಡ್‌ನಲ್ಲಿ ಒಂದು ಜಪಾನಿ ಬಟ್ಟಲಿನ ಚಿತ್ರ. ಒಡೆದ ಜಾಗದಲ್ಲೆಲ್ಲ ಚಿನ್ನದ ಗೆರೆಗಳು. ಇದಕ್ಕೆ ಕಿಂಟ್ಸುಗಿ ಅಂತಾರೆ, ನಮ್ಮ ಬಿರುಕುಗಳೇ ನಮ್ಮ ಸೌಂದರ್ಯ ಅಂತ ಹೇಳಿದರು. ಚಾಟ್‌ನಲ್ಲಿ ಎಲ್ಲರೂ ಹೃದಯದ ಇಮೋಜಿ ಹಾಕಿದೆವು. ನಾನೂ ಹಾಕಿದ್ದೆ.

ಮನೆಗೆ ಯಾಕೆ ಹೇಳಲಿಲ್ಲ ಅಂತ ಕೇಳಿದರೆ ಒಂದೇ ಕಾರಣ ಕೊಡೋಕೆ ಆಗಲ್ಲ. ನಮ್ಮೂರು ಹೇಮಗುಡ್ಡ, ಗಂಗಾವತಿ ತಾಲ್ಲೂಕಿನ ಸಣ್ಣ ಊರು. ಸಾಲ ಮಾಡಿ ಎಂಜಿನಿಯರಿಂಗ್ ಓದಿಸಿದ ಅಪ್ಪ ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಸಿಕ್ಕರೆ, ಅವರು ಕೇಳೋಕೆ ಮುಂಚೆಯೇ ನನ್ನ ಕೆಲಸದ ಬಗ್ಗೆ ಹೇಳೋರು. ಆ ಮಾತು ಅವರ ಬಾಯಿಂದ ಕಿತ್ಕೊಳ್ಳೋಕೆ ನನಗೆ ಮನಸ್ಸಾಗಲಿಲ್ಲ. ಒಂದು ತಿಂಗಳಲ್ಲಿ ಬೇರೆ ಕೆಲಸ ಸಿಗುತ್ತೆ, ಆಮೇಲೆ ಹೇಳಿದರಾಯಿತು ಅಂದುಕೊಂಡೆ. ಒಂದು ಎರಡಾಯಿತು, ಎರಡು ಆರಾಯಿತು. ಪ್ರತಿ ತಿಂಗಳು ಮನೆಗೆ ಹಣ ಕಳಿಸೋದು ಮಾತ್ರ ನಿಲ್ಲಿಸಲಿಲ್ಲ. ಮೊದಲು ಉಳಿತಾಯದಿಂದ, ಆಮೇಲೆ ಕ್ರೆಡಿಟ್ ಕಾರ್ಡ್ ಸಾಲದಿಂದ. ಫೋನ್ ಮಾಡಿದಾಗ “ಕೆಲಸ ಭಾಳ ಐತಿ ಅವ್ವಾ” ಅಂತಿದ್ದೆ. ಅವಳು “ಹೊತ್ತಿಗೆ ಸರಿಯಾಗಿ ಉಣ್ಣಪಾ” ಅಂತಿದ್ದಳು.

ಜಪಾನಿನ ಅರಗು, ಕಿನ್ನಾಳದ ಹುಣಸೆ ಬೀಜ

ಭರಣಿ ಒಡೆದ ದಿನ ನಾನು ತುಂಡುಗಳನ್ನು ಒಂದು ಬಟ್ಟೆಯಲ್ಲಿ ಕಟ್ಟಿಟ್ಟೆ. ಒಡೆದ ಪಾತ್ರೆ ಮನೆಯಲ್ಲಿ ಇಡಬಾರದು ಅನ್ನೋದು ನಮ್ಮಲ್ಲಿ ಹಿರಿಯರ ಮಾತು. ಅದರಲ್ಲೂ ಹಬ್ಬದ ದಿನ. ಆದರೂ ಅವ್ವ ಬಿಸಾಕು ಅನ್ನಲಿಲ್ಲ.

ಕೈಗೆ ಬೇರೆ ಕೆಲಸ ಇರಲಿಲ್ಲವಲ್ಲ, ಕಿಂಟ್ಸುಗಿ ಬಗ್ಗೆ ಓದುತ್ತಾ ಕೂತೆ. ಕಿನ್ ಅಂದರೆ ಚಿನ್ನ, ತ್ಸುಗಿ ಅಂದರೆ ಜೋಡಿಸೋದು. ಅದರ ಹುಟ್ಟಿನ ಬಗ್ಗೆ ಒಂದು ಕಥೆ ಇದೆ. ಹದಿನೈದನೇ ಶತಮಾನದ ಜಪಾನಿನ ದೊರೆ ಅಶಿಕಾಗ ಯೋಶಿಮಾಸ ತನ್ನ ಪ್ರೀತಿಯ ಬಟ್ಟಲು ಬಿರುಕು ಬಿಟ್ಟಾಗ ಅದನ್ನು ಚೀನಾಕ್ಕೆ ಕಳಿಸಿದನಂತೆ. ಅಂಥದ್ದು ಈಗ ಮಾಡೋರಿಲ್ಲ ಅಂತ ಹೇಳಿ ಅವರು ಬಿರುಕಿಗೆ ಲೋಹದ ಕೊಂಡಿ ಬಡಿದು ವಾಪಸ್ ಕಳಿಸಿದರು. ಆ ಕೊಂಡಿಗಳು ಮಿಡತೆ ಕೂತಂತೆ ಕಂಡವು. ಇದಕ್ಕಿಂತ ಚೆಂದದ ದಾರಿ ಹುಡುಕಿ ಅಂತ ಹೇಳಿದ್ದರಿಂದ ಕಿಂಟ್ಸುಗಿ ಹುಟ್ಟಿತು ಅನ್ನೋದು ಕಥೆ. ಕಥೆ ಎಷ್ಟು ನಿಜವೋ, ಆ ಕೊಂಡಿ ಹಾಕಿದ ಬಟ್ಟಲು ಮಾತ್ರ ಇವತ್ತಿಗೂ ಟೋಕಿಯೊದ ರಾಷ್ಟ್ರೀಯ ಮ್ಯೂಸಿಯಂನಲ್ಲಿದೆ.

ನಿಜವಾದ ಕಿಂಟ್ಸುಗಿಯಲ್ಲಿ ತುಂಡುಗಳನ್ನು ಅಂಟಿಸೋದು ಚಿನ್ನ ಅಲ್ಲ. ಉರುಶಿ ಅನ್ನೋ ಮರದ ಸೊನೆ. ಸೊನೆಗೆ ಹಿಟ್ಟು ಕಲಸಿ ಅಂಟು ಮಾಡ್ತಾರೆ, ಮಣ್ಣಿನ ಪುಡಿ ಕಲಸಿ ಸಂದು ತುಂಬ್ತಾರೆ. ಕೊನೆಯ ಪದರ ಹಸಿ ಇರುವಾಗಲೇ ಮೇಲೆ ಚಿನ್ನದ ಪುಡಿ ಉದುರಿಸ್ತಾರೆ. ಈ ಸೊನೆ ಬಿಸಿಲಿಗೆ ಒಣಗೋದಲ್ಲ, ಗಾಳಿಯ ತೇವ ಹೀರಿಕೊಂಡು ಗಟ್ಟಿಯಾಗೋದು. ಹಾಗಾಗಿ ಬಟ್ಟಲನ್ನು ತೇವದ ಪೆಟ್ಟಿಗೆಯಲ್ಲಿ ಮುಚ್ಚಿಟ್ಟು ಕಾಯಬೇಕು. ಒಂದು ಬಟ್ಟಲು ಮುಗಿಯೋಕೆ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಹಸಿ ಉರುಶಿ ಚರ್ಮಕ್ಕೆ ತಾಗಿದರೆ ತುರಿಕೆ, ಬೊಬ್ಬೆ. ಆ ಮರ ನಮ್ಮ ಮಾವು, ಗೇರಿನ ಕುಟುಂಬದ್ದೇ. ಮಾವಿನ ಸೊನೆ ತಾಗಿ ತುಟಿ ಸುಟ್ಟುಕೊಂಡವರಿಗೆ ಇದು ಬೇಗ ಅರ್ಥವಾಗುತ್ತೆ.

ಇದನ್ನೆಲ್ಲ ಅವ್ವನಿಗೆ ಹೇಳಿದೆ. ಅವಳು ಪೂರ್ತಿ ಕೇಳಿದಳು.

“ಒಡದದ್ದಕ್ಕ ಬಂಗಾರ ಹಚ್ತಾರಾ? ಬಂಗಾರ ಹತ್ತು ಗ್ರಾಮಿಗೆ ಎಪ್ಪತ್ತು ಸಾವಿರ ದಾಟೇತಿ. ಅರಿಶಿಣ ಹಚ್ಚು, ಅದೂ ಹಳದಿನ ಕಾಣತೈತಿ.”

ಅಪ್ಪ ಅಲ್ಲೇ ಕೂತಿದ್ದವರು ಬೇರೆ ಮಾತು ಹೇಳಿದರು. “ಕಿನ್ನಾಳದವರು ಹುಣಸಿ ಬೀಜದ ಅಂಟಿನಿಂದ ದೇವರನ್ನ ಕೂಡಿಸ್ತಾರಲೋ.”

ಹೌದಲ್ಲ! ಕೊಪ್ಪಳದ ಹತ್ತಿರದ ಕಿನ್ನಾಳ ಕಟ್ಟಿಗೆ ಗೊಂಬೆಗಳಿಗೆ ಹೆಸರುವಾಸಿ, ಭೌಗೋಳಿಕ ಸೂಚಕ ಮಾನ್ಯತೆ ಇರುವ ಕಲೆ. ಅಲ್ಲಿನ ಚಿತ್ರಗಾರರು ಹಗುರ ಕಟ್ಟಿಗೆಯಲ್ಲಿ ತುಂಡುಗಳನ್ನು ಬೇರೆಬೇರೆ ಕೆತ್ತಿ ಆಮೇಲೆ ಜೋಡಿಸ್ತಾರೆ. ಸೆಣಬಿನ ಚೂರು, ಕಟ್ಟಿಗೆ ಹೊಟ್ಟು, ಹುಣಸೆ ಬೀಜದ ಸರಿ ಕಲಸಿ ಮಾಡೋ ಕಿಟ್ಟ ಅನ್ನೋ ಮಿಶ್ರಣ ಇದೆ. ಜೋಡಿಸಿದ ಗೊಂಬೆಯ ಮೇಲೆ ಹತ್ತಿಬಟ್ಟೆಯ ತುಂಡುಗಳನ್ನು ಹುಣಸೆ ಅಂಟಿನಲ್ಲಿ ಮೆತ್ತಿ, ಅದರ ಮೇಲೆ ಕಲ್ಲುಪುಡಿಯ ಲೇಪ ಕೊಟ್ಟು, ಕೊನೆಗೆ ಬಣ್ಣ. ನಮ್ಮ ಕಡೆ ಊರ ದೇವತೆಯರ ಕಟ್ಟಿಗೆ ಮೂರ್ತಿಗಳಿಗೆ ಜಾತ್ರೆಗೆ ಮುಂಚೆ ಚಿತ್ರಗಾರರ ಕೈಯಲ್ಲಿ ಹೊಸ ಬಣ್ಣ ಹಚ್ಚಿಸ್ತಾರೆ. ಬಣ್ಣ ಮಾಸಿತು, ಬೆರಳು ಮುರೀತು ಅಂತ ಯಾರೂ ದೇವಿಯನ್ನು ಬಿಟ್ಟುಬಿಡೋದಿಲ್ಲ. ದೇವರಿಗೇ ರಿಪೇರಿ ಬೇಕಾಗೋ ಊರಲ್ಲಿ ಬೆಳೆದ ನಾನು, ನನಗೆ ಮಾತ್ರ ಬಿರುಕೇ ಬರಬಾರದು ಅಂದುಕೊಂಡಿದ್ದೆ.

ಕೌದಿಯ ನಡುವಿನ ಟೀಶರ್ಟ್

ಆ ರಾತ್ರಿ ಊಟ ಆದಮೇಲೆ ಅವ್ವ ಕೌದಿ ಹರವಿಕೊಂಡು ಕೂತಳು. ಕೌದಿ ಗೊತ್ತಿಲ್ಲದವರಿಗೆ ಹೇಳ್ತೀನಿ. ಹಳೇ ಸೀರೆ, ಧೋತರ, ಅಂಗಿ, ಯಾವುದನ್ನೂ ಬಿಸಾಕದೆ ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಜೋಡಿಸಿ, ದಪ್ಪ ಸೂಜಿಯಲ್ಲಿ ಸಾಲುಸಾಲಾಗಿ ಹೊಲಿದ ಹೊದಿಕೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಹುಟ್ಟಿದ ಕೂಸಿಗೂ ಕೌದಿ, ಮುಪ್ಪಿನವರಿಗೂ ಕೌದಿ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಭಾಗದ ಸಿದ್ದಿ ಹೆಣ್ಣುಮಕ್ಕಳು ಹೊಲಿದ ಕೌದಿಗಳು ಅಮೆರಿಕದಲ್ಲೂ ಪ್ರದರ್ಶನ ಕಂಡಿವೆ. ಅವರು ಅಂಚಿನಿಂದ ಶುರುಮಾಡಿ ನಡುವಿಗೆ ಹೊಲಿಯುತ್ತಾ ಬರ್ತಾರೆ. ನಾಲ್ಕು ಮೂಲೆಗೂ ಮಡಿಚಿದ ತುಂಡಿನ ಹೂವು ಇಡದಿದ್ದರೆ ಅವರ ಲೆಕ್ಕದಲ್ಲಿ ಕೌದಿ ಪೂರ್ತಿ ಆಗಲ್ಲ.

ಕೌದಿಯಲ್ಲಿ ಹೊಲಿಗೆ ಮುಚ್ಚಿಡೋ ಆಟವೇ ಇಲ್ಲ. ತ್ಯಾಪಿ ಹಚ್ಚಿದ್ದು ಕಾಣಲೇಬೇಕು, ಅದೇ ಅದರ ಚಂದ. ಅಮ್ಮನ ಇಳಕಲ್ ಸೀರೆಯ ಒಂದು ತುಂಡು ಅಲ್ಲಿತ್ತು. ನನ್ನ ಹೈಸ್ಕೂಲಿನ ನೀಲಿ ಅಂಗಿಯ ತೋಳಿತ್ತು. ನಡುವಿಗೆ ಕಣ್ಣು ಹೋದಾಗ ಎದೆ ಧಸಕ್ಕೆಂದಿತು. ನನ್ನ ಕಂಪನಿ ಟೀಶರ್ಟು! ಕೆಲಸಕ್ಕೆ ಸೇರಿದ ವರ್ಷ ಅಪ್ಪನಿಗೆ ಅಂತ ತಂದುಕೊಟ್ಟಿದ್ದು. ಅವರು ಹೊಲಕ್ಕೂ ಹಾಕಿಕೊಂಡು ಹೋಗಿ ಬಣ್ಣ ಕೆಡಿಸಿದ್ದರು.

“ಇದು ಭಾಳ ಎಳೀತೈತಿ,” ಅಂದಳು ಅವ್ವ. “ಸೀರಿ ಹಂಗ ಕೂಡೂದಿಲ್ಲ. ಅದಕ ನಡುವ ಇಟ್ಟು ಸುತ್ತ ಬಿಗಿ ಹೊಲಿಗಿ ಹಾಕೀನಿ. ನಿನ್ನ ಕಂಪನಿದು ನಟ್ಟನಡುವ ಇರ್ಲಿ ಅಂತ.”

“ಆ ಕಂಪನ್ಯಾಗ ನಾ ಇಲ್ಲ ಅವ್ವಾ. ಏಪ್ರಿಲ್‌ನಾಗ ತಗದ್ರು.”

ಹೇಳಿಬಿಟ್ಟೆ. ಆರು ತಿಂಗಳು ಎಷ್ಟೋ ಥರ ರಿಹರ್ಸಲ್ ಮಾಡಿಕೊಂಡ ಮಾತು, ಬಂದಿದ್ದು ಎರಡೇ ವಾಕ್ಯ. ಆಮೇಲೆ ಕ್ರೆಡಿಟ್ ಕಾರ್ಡಿನ ಸಾಲವನ್ನೂ ಹೇಳಿದೆ.

ಅವ್ವನ ಸೂಜಿ ನಿಂತಿತು. ಅಪ್ಪ ಏನೂ ಮಾತಾಡದೆ ಎದ್ದು ಅಂಗಳಕ್ಕೆ ಹೋದರು. ಅವರು ನೀರು ಕುಡಿಯೋದು, ಮತ್ತೆ ಕೂರೋದು, ಮತ್ತೆ ಏಳೋದು ಕೇಳಿಸುತ್ತಿತ್ತು. ಅವ್ವ ಬೈದಳು. ಕೆಲಸ ಹೋಗಿದ್ದಕ್ಕಲ್ಲ, “ಸಾಲ ಮಾಡಿ ನಮಗ ರೊಕ್ಕ ಯಾಕ ಕಳಿಸಿದಿ? ನಾವೇನು ಉಪಾಸ ಇದ್ವೇನು?” ಅಂತ. ಬೈಯ್ತಾ ಬೈಯ್ತಾ ಅವಳಿಗೂ ಅಳು ಬಂತು. ಟೀಶರ್ಟಿನ ತುಂಡು ಬಿಚ್ಚಿ ತೆಗಿ ಅಂದೆ. “ಹೊಲದ್ದು ಬಿಚ್ಚಿದ್ರ ತೂತು ಉಳೀತೈತಿ. ಇರ್ಲಿ ಬಿಡು” ಅಂತ ಹೊಲಿಗೆ ಮುಂದುವರಿಸಿದಳು.

ಹತ್ತೊಂಬತ್ತನೇ ಗೇಟು

ಮರುದಿನ ವಿಜಯದಶಮಿ, 2024ರ ಅಕ್ಟೋಬರ್ 12. ನಮ್ಮೂರ ಗುಡ್ಡದ ಕೋಟೆಯೊಳಗೆ ದುರ್ಗಾದೇವಿ ಗುಡಿ ಇದೆ. ಹೇಮಗುಡ್ಡದ ದಸರಾಕ್ಕೆ ಆನೆಯ ಮೇಲೆ ಅಂಬಾರಿ ಮೆರವಣಿಗೆ ಇರುತ್ತೆ, ಸುತ್ತಲಿನ ಊರುಗಳ ಜನವೆಲ್ಲ ಸೇರ್ತಾರೆ. ಅಪ್ಪ ಬೆಳಗ್ಗೆಯಿಂದ ನನ್ನ ಜೊತೆ ಮಾತಾಡಿರಲಿಲ್ಲ. “ನಡಿ, ಗುಡಿಗೆ ಹೋಗಿ ಬರೋಣು” ಅಂತ ಮಾತ್ರ ಹೇಳಿದರು.

ಅರ್ಧ ದಾರಿಯಲ್ಲಿ ಅವರು ಮಾತು ತೆಗೆದದ್ದು ನನ್ನ ಕೆಲಸದ ಬಗ್ಗೆ ಅಲ್ಲ, ಡ್ಯಾಮಿನ ಬಗ್ಗೆ.

ಆ ವರ್ಷ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ ಹತ್ತೊಂಬತ್ತನೇ ಕ್ರೆಸ್ಟ್ ಗೇಟಿನ ಸರಪಳಿ ತುಂಡಾಗಿ, ಗೇಟೇ ಕೊಚ್ಚಿಹೋಗಿತ್ತು. ಸುಮಾರು 105 ಟಿಎಂಸಿ ಅಡಿ ಹಿಡಿಯೋ ಜಲಾಶಯ ಆಗ ತುಂಬಿತ್ತು. ಗಂಗಾವತಿ ಸೀಮೆಯನ್ನು ಭತ್ತದ ಕಣಜ ಅಂತಾರಲ್ಲ, ಅದು ಈ ನೀರಿನ ಮೇಲೆ ನಿಂತಿರೋದು. ಎಡದಂಡೆ ಕಾಲುವೆ ನೀರು ನಂಬಿದ ನನ್ನ ಸೋದರಮಾವ ರಾತ್ರಿ ಎರಡಕ್ಕೆ ಫೋನ್ ಮಾಡಿ, “ನೀ ಎಂಜಿನಿಯರ್ ಅದಿಯಲ್ಲ ಅಳಿಯಾ, ಇದಕ್ಕೇನು ಮಾಡಬೇಕಂತಾರ?” ಅಂತ ಕೇಳಿದ್ದ. ಕೆಲಸ ಕಳೆದುಕೊಂಡ ಸಾಫ್ಟ್‌ವೇರ್ ಎಂಜಿನಿಯರ್ ಏನು ಹೇಳಬೇಕು!

ಮುಂದಾಗಿದ್ದನ್ನು ನೀವೂ ಟೀವಿಯಲ್ಲಿ ನೋಡಿರ್ತೀರಿ. ನದಿಪಾತ್ರದ ಜನಕ್ಕೆ ಎಚ್ಚರಿಕೆ ಕೊಟ್ಟರು. ಒಂದೇ ಕಡೆ ಒತ್ತಡ ಬೀಳಬಾರದು ಅಂತ ಉಳಿದ ಗೇಟುಗಳನ್ನೂ ತೆರೆದು ನೀರು ಬಿಟ್ಟರು. ಅಷ್ಟು ನೀರು ನದಿಗೆ ಹೋಗೋದು ನೋಡಿ ರೈತರ ಹೊಟ್ಟೆ ಉರಿದುಹೋಯಿತು. ಗೇಟುಗಳ ತಜ್ಞ, ವಯಸ್ಸಾದ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯೋ ನೀರಿನಲ್ಲೇ ಸ್ಟಾಪ್‌ಲಾಗ್ ಅನ್ನೋ ಉಕ್ಕಿನ ಅಡ್ಡಗೋಡೆಯನ್ನು ತುಂಡುತುಂಡಾಗಿ ಇಳಿಸಿ, ಸುಮಾರು ಒಂದು ವಾರದೊಳಗೆ ನೀರು ನಿಲ್ಲಿಸಿದರು. ಆಮೇಲೆ ಮತ್ತೆ ಮಳೆ ಬಂತು. ಸೆಪ್ಟೆಂಬರ್‌ನಲ್ಲಿ ಡ್ಯಾಮು ತುಂಬಿ, ಬಾಗಿನವನ್ನೂ ಕೊಟ್ಟರು.

“ಮೂವತ್ತಮೂರು ಗೇಟಿನ್ಯಾಗ ಒಂದು ಕಿತ್ಕೊಂಡು ಹೋತು,” ಅಂದರು ಅಪ್ಪ. “ಹೋತಂತ ಡ್ಯಾಮ್ ಕೆಡವಿದ್ರೇನು?”

ನಾನು ಸುಮ್ಮನಿದ್ದೆ.

“ಆದ್ರ ಒಂದು ಮಾತು. ಆ ರಾತ್ರಿ ಗೇಟು ಹೋಗಿದ್ದನ್ನ ಯಾರಿಗೂ ಹೇಳದ ಮುಚ್ಚಿಟ್ಟಿದ್ರ? ಕೆಳಗಿನ ಊರಿನ ಗತಿ ಏನಾಗ್ತಿತ್ತು? ನೀ ಮಾಡಿದ್ದು ಅದನ್ನ. ಕೆಲಸ ಹೋದದ್ದು ನಿನ್ನ ತಪ್ಪಲ್ಲ. ಆರು ತಿಂಗಳು ಒಬ್ಬನ ಹೊತ್ತಿಯಲ್ಲ, ಅದು ನನಗ ನೋವಾತು.”

ನನ್ನ ಅಪ್ಪ ಓದಿದ್ದು ಏಳನೇ ಕ್ಲಾಸು. ನಮ್ಮ ಕೆಲಸದಲ್ಲಿ ಸರ್ವರ್ ಬಿದ್ದರೆ ಪೋಸ್ಟ್‌ಮಾರ್ಟಂ ಅಂತ ಒಂದು ದಾಖಲೆ ಬರೀತೀವಿ. ಏನು ಮುರೀತು, ಯಾವಾಗ ಗೊತ್ತಾಯಿತು, ಗೊತ್ತಾದ ಮೇಲೆ ಎಷ್ಟು ಹೊತ್ತಿಗೆ ಎಲ್ಲರಿಗೂ ತಿಳಿಸಿದಿರಿ ಅಂತ. ಅಪ್ಪ ಗುಡ್ಡ ಹತ್ತುತ್ತಾ ನನ್ನ ಪೋಸ್ಟ್‌ಮಾರ್ಟಂ ಮುಗಿಸಿದ್ದರು.

ಗುಡಿಯಿಂದ ಬಂದಮೇಲೆ ಸಂಜೆ ಬನ್ನಿ ಮುಡಿಯೋ ಹೊತ್ತು. ನಮ್ಮ ಕಡೆ ದಸರೆಗೆ ಬನ್ನಿ ಎಲೆಯೇ ಬಂಗಾರ. ವರ್ಷದಲ್ಲಿ ಏನೇ ಜಗಳ, ಮುನಿಸು ಇದ್ದರೂ ಒಬ್ಬರಿಗೊಬ್ಬರು ಬನ್ನಿ ಕೊಟ್ಟು, “ಬನ್ನಿ ತಗೊಂಡು ಬಂಗಾರದ್ಹಂಗ ಇರೋಣು” ಅಂತೀವಿ. ಕಿರಿಯರು ಹಿರಿಯರಿಗೆ ಕೊಟ್ಟು ಕಾಲು ಮುಗಿಯೋದು ಪದ್ಧತಿ. ನಾನು ಬಗ್ಗೋಕೆ ಮುಂಚೆ ಅಪ್ಪನೇ ನಾಲ್ಕು ಎಲೆ ನನ್ನ ಕೈಯಲ್ಲಿಟ್ಟರು. ಮಾತು ಪೂರ್ತಿ ಹೇಳೋಕೆ ಅವರಿಂದ ಆಗಲಿಲ್ಲ. “ಬಂಗಾರದ್ಹಂಗ...” ಅಂದು ನಿಲ್ಲಿಸಿದರು.

ಒಡೆದದ್ದರ ಮೇಲೆ ಬಂಗಾರ ಇಡೋದನ್ನು ನಾನು ಜಪಾನಿನಲ್ಲಿ ಹುಡುಕ್ತಾ ಇದ್ದೆ. ಅದು ಪ್ರತಿ ವರ್ಷ ನಮ್ಮ ಅಂಗಳದಲ್ಲೇ ನಡೀತಿತ್ತು.

ಎಲ್ಲದಕ್ಕೂ ತ್ಯಾಪಿ ಸಾಲದು

ಇಷ್ಟು ಓದಿ, ಬಿರುಕು ಬಂದರೆ ಒಳ್ಳೇದೇ ಅಂದುಕೊಳ್ಳಬೇಡಿ. ಕೆಲಸ ಕಳೆದುಕೊಳ್ಳೋದರಲ್ಲಿ ಏನೂ ಚಂದ ಇಲ್ಲ. ಯಾರನ್ನೋ ಕೈಯಾರೆ ಒಡೆದು, ಆಮೇಲೆ ನಿನ್ನ ಬಿರುಕೇ ನಿನ್ನ ಸೌಂದರ್ಯ ಅನ್ನೋದಂತೂ ಮೋಸ. ಡ್ಯಾಮಿನ ವಿಷಯದಲ್ಲೂ ಅಷ್ಟೆ. ಸ್ಟಾಪ್‌ಲಾಗ್ ಆ ಹೊತ್ತಿನ ತ್ಯಾಪಿ. ಏಳು ದಶಕ ಹಳೆಯ ಗೇಟುಗಳನ್ನೆಲ್ಲ ಬದಲಿಸಲೇಬೇಕು ಅಂತ ಆಮೇಲೆ ತಜ್ಞರು ಹೇಳಿದರು. ಯಾವುದನ್ನು ಹೊಲಿದು ಇಟ್ಟುಕೊಳ್ಳಬೇಕು, ಯಾವುದನ್ನು ಬದಲಿಸಬೇಕು ಅನ್ನೋ ಲೆಕ್ಕ ಬೇಕೇ ಬೇಕು.

ನನ್ನ ಲೆಕ್ಕ ಹೀಗಿತ್ತು. ಬೆಂಗಳೂರಿಗೆ ವಾಪಸ್ ಬಂದು ಮೊದಲು ಬಾಡಿಗೆ ಕಡಿಮೆ ಇರೋ ಮನೆಗೆ ಹೋದೆ. ಸಾಲಕ್ಕೆ ಕಂತು ಮಾಡಿಸಿದೆ. ರೆಸ್ಯೂಮೆಯಲ್ಲಿ ಖಾಲಿ ತಿಂಗಳುಗಳನ್ನು ಮುಚ್ಚೋಕೆ ಬರೆದಿದ್ದ ‘ಫ್ರೀಲಾನ್ಸ್ ಕನ್ಸಲ್ಟಂಟ್’ ಅನ್ನೋ ಸುಳ್ಳು ಸಾಲನ್ನು ಅಳಿಸಿದೆ. ಸಂದರ್ಶನದಲ್ಲಿ ಕೇಳಿದಾಗ ಕೆಲಸ ಹೋಗಿತ್ತು, ಹುಡುಕ್ತಾ ಇದ್ದೀನಿ ಅಂತ ಇದ್ದದ್ದು ಇದ್ದಂಗೆ ಹೇಳಿದೆ. ಎರಡು ಕಡೆ ಅದಕ್ಕೇ ಬೇಡ ಅಂದಿರಬಹುದು. ಮೂರನೇ ಕಡೆ ತಗೊಂಡರು. ಸಂಬಳ ಮೊದಲಿಗಿಂತ ಕಡಿಮೆ. ಅಪ್ಪನಿಗೆ ಅಂಕಿ ಸಮೇತ ಹೇಳಿದ್ದೀನಿ.

ಇನ್ನು ಭರಣಿ. ಗಂಗಾವತಿಯ ಅಂಗಡಿಯಿಂದ ಎರಡು ಟ್ಯೂಬಿನ ಎಪಾಕ್ಸಿ ಅಂಟು ತಂದು ನಾನೇ ಕೂಡಿಸಿದೆ. ನೀವೂ ಪ್ರಯತ್ನಿಸೋದಾದರೆ ಅನುಭವದ ಮಾತು: ತುಂಡುಗಳನ್ನು ತೊಳೆದು ಪೂರ್ತಿ ಒಣಗಿಸಿ. ಅಂಟು ಹಚ್ಚೋಕೆ ಮುಂಚೆ ಯಾವ ತುಂಡಿನ ಮೇಲೆ ಯಾವುದು ಅಂತ ಒಮ್ಮೆ ಜೋಡಿಸಿ ನೋಡಿ. ಒಂದು ದಿನ ಅಲುಗಿಸಬೇಡಿ. ಆನ್‌ಲೈನ್‌ನಲ್ಲಿ ಕಿಂಟ್ಸುಗಿ ಕಿಟ್ ಅಂತ ಸಿಗೋದರಲ್ಲಿ ಬಹಳಷ್ಟು ಇದೇ ಎಪಾಕ್ಸಿ, ಜೊತೆಗೆ ಚಿನ್ನದ ಬಣ್ಣದ ಪುಡಿ. ಹಾಗೆ ಅಂಟಿಸಿದ ಪಾತ್ರೆಯಲ್ಲಿ ಊಟ, ಉಪ್ಪಿನಕಾಯಿ ಬೇಡ.

ಅಂಟಿಗೆ ಚಿಟಿಕೆ ಅರಿಶಿಣ ಸೇರಿಸಿದ್ದು ಅವ್ವನ ಸಲಹೆ. ಮೂರು ಹಳದಿ ಗೆರೆ ಬಂದಿವೆ, ಒಂದು ಸೊಟ್ಟ. ಕೊರಳಲ್ಲಿ ಒಂದು ಚೂರು ಸಿಗಲೇ ಇಲ್ಲ, ಅಲ್ಲಿ ಬೆರಳು ತೂರುವಷ್ಟು ಜಾಗ ಹಾಗೇ ಇದೆ.

ಮೊನ್ನೆ ಊರಿಗೆ ಹೋದಾಗ ನೋಡಿದೆ. ಅವ್ವ ಆ ಭರಣಿಯಲ್ಲಿ ದಾರದ ಉಂಡೆಗಳನ್ನು ಇಟ್ಟಿದ್ದಾಳೆ. ಕೊರಳಿನ ತೂತಿನಿಂದ ದಾರದ ತುದಿ ಹೊರಗೆ ಎಳೆದುಕೊಂಡಿದ್ದಾಳೆ. “ಈಗ ಉಂಡಿ ಉರುಳಿ ಹೋಗೂದಿಲ್ಲ ನೋಡು, ಚಲೋ ಆತು” ಅಂತ ಸೂಜಿಗೆ ದಾರ ಪೋಣಿಸೋಕೆ ನನ್ನ ಕೈಗೆ ಕೊಟ್ಟಳು. ಅವಳಿಗೆ ಈಗ ಕಣ್ಣು ಅಷ್ಟು ಕಾಣಲ್ಲ.

ನೀವು ಮನೆಗೆ ಹೇಳದೆ ಉಳಿಸಿಕೊಂಡ ಮಾತು ಏನಾದರೂ ಇದ್ದರೆ, ಇವತ್ತು ರಾತ್ರಿ ಒಂದು ಫೋನ್ ಮಾಡಿ. ಬನ್ನಿ ಮುಡಿಯೋ ದಿನಕ್ಕೇ ಕಾಯಬೇಕು ಅಂತೇನಿಲ್ಲ.